ತಟ್ಟಿ ಬಿಟ್ಟು ಕೇಳುವ ಯಂತ್ರ

ಸಂತೆಯಲ್ಲಿ ಮಡಕೆ ಕೊಳ್ಳುವವರನ್ನು ನೋಡಿದ್ದೀರಲ್ವಾ? ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟುತ್ತಾರೆ. ಅವರ ಕಿವಿ ಇರುವುದು ತಟ್ಟಿದ ಸದ್ದಿನ ಬೆನ್ನಿಗೆ ಬರುವ ನಾದದ ಮೇಲೆ. 'ಟಣ್ಣ್' ಎಂದು ಸ್ವಲ್ಪ ಹೊತ್ತು ಉಳಿದರೆ ಮಡಕೆ ಗಟ್ಟಿ. 'ದಬ್' ಎಂದು ಅಲ್ಲೇ ಸತ್ತರೆ ಎಲ್ಲೋ ಬಿರುಕು ಬಿಟ್ಟಿದೆ ಎಂದರ್ಥ. ಮರುಮಾತಿಲ್ಲದೆ ವಾಪಸ್ ಇಡುತ್ತಾರೆ.

ಪಲ್ಸ್ ಇಂಡಕ್ಷನ್ ಮೆಟಲ್ ಡಿಟೆಕ್ಟರ್ ಮಾಡುವುದೂ ಇಷ್ಟನ್ನೇ. ಮಣ್ಣೊಳಗಿನ ಲೋಹವನ್ನು ಕಾಂತಕ್ಷೇತ್ರದಿಂದ ಒಂದು ಸಲ ತಟ್ಟುತ್ತದೆ. ಥಟ್ಟನೆ ಕೈ ಎತ್ತುತ್ತದೆ. ಆಮೇಲೆ ಸುಮ್ನೆ ಕಿವಿಗೊಟ್ಟು ಕೂರುತ್ತದೆ. ಮಾಲ್, ಮೆಟ್ರೋ, ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ನಾವು ದಾಟಿ ಹೋಗುವ ಚೌಕಟ್ಟುಗಳಲ್ಲಿ ಎಷ್ಟೋ ಇದೇ ಜಾತಿಯವು. ನೆಲಬಾಂಬ್ ತೆಗೆಯುವವರು, ಸಮುದ್ರದ ದಂಡೆಯಲ್ಲಿ ಕಳೆದುಹೋದ ಉಂಗುರ ಹುಡುಕುವವರು, ಆಸ್ಟ್ರೇಲಿಯಾದಲ್ಲಿ ಚಿನ್ನದ ಗಟ್ಟಿ ಹುಡುಕುವವರು, ಎಲ್ಲರ ಕೈಯಲ್ಲೂ ಇದು ಇದೆ.

ನನ್ನ ಮೇಜಿನ ಮೇಲೂ ಒಂದಿದೆ. ನಾನೇ ಕೂರಿಸಿದ್ದು. ಎನಾಮಲ್ ತಂತಿಯ ಇಪ್ಪತ್ತಕ್ಕೂ ಜಾಸ್ತಿ ಸುತ್ತಿನ, ಊಟದ ತಟ್ಟೆಯಷ್ಟು ಅಗಲದ ಒಂದು ಸುರುಳಿ, ಒಂದು ಸರ್ಕಿಟ್ ಬೋರ್ಡ್, ಒಂದು ಬ್ಯಾಟರಿ. ಮನೆಗೆ ಬಂದವರು ಕೇಳುವುದು ಒಂದೇ ಪ್ರಶ್ನೆ: "ಇದು ಚಿನ್ನ ತೋರಿಸುತ್ತಾ?" "ತೋರಿಸುತ್ತೆ, ಆದ್ರೆ ಅದು ಚಿನ್ನ ಅಂತ ಹೇಳಲ್ಲ" ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಯಾಕೆ ಹೇಳಲ್ಲ ಎನ್ನುವುದಕ್ಕೆ ಉತ್ತರ ಸ್ವಲ್ಪ ಉದ್ದ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಟ್ಟುವ ಕೆಲಸ. ಸುರುಳಿಯಲ್ಲಿ ಕರೆಂಟ್ ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ನನ್ನ ಯಂತ್ರ ಒಂದು ಸಲಕ್ಕೆ ಕರೆಂಟ್ ಬಿಡುವುದು ಸುಮಾರು 200 ಮೈಕ್ರೊಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲಿ ಕರೆಂಟ್ ಮೂರು ಆಂಪಿಯರ್ ಹತ್ತಿರ ಏರುತ್ತದೆ. ಆಮೇಲೆ ಟ್ರಾನ್ಸಿಸ್ಟರ್ ಅದನ್ನು ಕಚಕ್ಕೆಂದು ಕತ್ತರಿಸುತ್ತದೆ. ಹೀಗೆ ಒಂದು ಸಲ ಬಿಟ್ಟು ಕತ್ತರಿಸುವ ಕರೆಂಟೇ ಪಲ್ಸ್. ಮೂರು ಆಂಪಿಯರ್ ಮೂರೇ ಮೈಕ್ರೊಸೆಕೆಂಡಿನಲ್ಲಿ ನಿಂತರೆ ಇಂಥ ಸುರುಳಿಯ ತುದಿಗಳಲ್ಲಿ 300 ವೋಲ್ಟ್ ಎದ್ದು ನಿಲ್ಲುತ್ತದೆ. ಬ್ಯಾಟರಿ 12 ವೋಲ್ಟಿನದು ಎಂದು ಮರೆತು ನಾನೊಮ್ಮೆ ಬೆರಳಿಟ್ಟು ಪಾಠ ಕಲಿತಿದ್ದೇನೆ. ಬೈಕಿನ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರುವುದೂ ಇದೇ ಉಪಾಯದಿಂದ: ಸುರುಳಿಯ ಕರೆಂಟನ್ನು ಹಠಾತ್ ನಿಲ್ಲಿಸುವುದು.

ಈಗ ಲೋಹದ ಸರದಿ. ಲೋಹಕ್ಕೆ ಬದಲಾವಣೆ ಅಂದರೆ ಆಗಲ್ಲ. ಮನೆಯಲ್ಲಿ ಸೋಫಾ ಜಾಗ ಬದಲಿಸಿದರೆ ಗೊಣಗುವ ಅಜ್ಜನ ಹಾಗೆ. ಇಷ್ಟು ಹೊತ್ತು ಇದ್ದ ಕಾಂತಕ್ಷೇತ್ರ ದಿಢೀರನೆ ಮಾಯವಾದಾಗ, 'ಅದು ಇದ್ದ ಹಾಗೇ ಇರಲಿ' ಎಂದು ಲೋಹ ತನ್ನ ಮೈಯಲ್ಲೇ ಕರೆಂಟ್ ಸುತ್ತಿಸಿಕೊಂಡು ಆ ಕ್ಷೇತ್ರವನ್ನು ಉಳಿಸಿಕೊಳ್ಳಲು ನೋಡುತ್ತದೆ. ಈ ಕರೆಂಟಿಗೆ ಸುಳಿ ಪ್ರವಾಹ ಎಂದು ಹೆಸರು. ಬದಲಾಗುವ ಕಾಂತಕ್ಷೇತ್ರದಿಂದ ಕರೆಂಟ್ ಹುಟ್ಟುತ್ತದೆ ಎಂದು 1831ರಲ್ಲಿ ತೋರಿಸಿದವನು ಫ್ಯಾರಡೆ. ಆ ಕರೆಂಟು ಬದಲಾವಣೆಗೆ ಅಡ್ಡಗಾಲು ಹಾಕುವ ದಿಕ್ಕಿನಲ್ಲೇ ಹರಿಯುತ್ತದೆ ಎಂದು 1834ರಲ್ಲಿ ಹೇಳಿದವನು ಲೆನ್ಜ್. ನಿಮ್ಮ ಅಡುಗೆಮನೆಯ ಇಂಡಕ್ಷನ್ ಒಲೆ ಪಾತ್ರೆ ಬಿಸಿ ಮಾಡುವುದು ಇದೇ ಸುಳಿ ಪ್ರವಾಹದಿಂದ. ಒಲೆ ಪುರುಸೊತ್ತು ಕೊಡದೆ ತಟ್ಟುತ್ತಲೇ ಇರುತ್ತದೆ. ಡಿಟೆಕ್ಟರ್ ಒಂದು ಸಲ ತಟ್ಟಿ ನಿಲ್ಲಿಸಿ ಕೇಳುತ್ತದೆ.

ಸುಳಿ ಪ್ರವಾಹ ಬಹಳ ಹೊತ್ತು ಉಳಿಯುವುದಿಲ್ಲ. ಲೋಹಕ್ಕೆ ತನ್ನದೇ ರೆಸಿಸ್ಟೆನ್ಸ್ ಇದೆ, ಅದು ಕರೆಂಟನ್ನು ತಿಂದು ಬಿಸಿ ಮಾಡಿ ಮುಗಿಸುತ್ತದೆ. ಕರೆಂಟ್ ಇಳಿಯುತ್ತಾ ಹೋದಂತೆ ಲೋಹದ ಸುತ್ತಲಿನ ಪುಟ್ಟ ಕಾಂತಕ್ಷೇತ್ರವೂ ಇಳಿಯುತ್ತದೆ. ಆ ಇಳಿತ ನಮ್ಮ ಸುರುಳಿಯಲ್ಲಿ ಒಂದು ಸಣ್ಣ ವೋಲ್ಟೇಜನ್ನು ಹುಟ್ಟಿಸುತ್ತದೆ. ಯಂತ್ರಕ್ಕೆ ಸಿಗುವ ಸುಳಿವು ಇದೊಂದೇ. ಎಷ್ಟು ಸಣ್ಣದು ಎಂದರೆ, ಆಳದ ನಾಣ್ಯದಿಂದ ಬರುವುದು ಮೈಕ್ರೊವೋಲ್ಟ್ ಲೆಕ್ಕದಲ್ಲಿ. ಈಗತಾನೆ 300 ವೋಲ್ಟ್ ಗುಡುಗಿದ ಅದೇ ತಂತಿಯಲ್ಲಿ, ಹತ್ತು ಮೈಕ್ರೊಸೆಕೆಂಡ್ ಕಳೆಯುವಷ್ಟರಲ್ಲಿ, ಅದಕ್ಕಿಂತ 30 ಕೋಟಿ ಪಟ್ಟು ಮೆಲ್ಲಗಿನ ಪಿಸುಮಾತು ಕೇಳಬೇಕು. ಮದುವೆ ಮನೆಯಲ್ಲಿ ವಾಲಗದ ಗಟ್ಟಿಮೇಳ ನಿಂತ ಮರುಕ್ಷಣವೇ ಸೂಜಿ ಬಿದ್ದ ಸದ್ದು ಹಿಡಿಯುವ ಕೆಲಸ. ಹಾಗಾಗಿ ಯಂತ್ರ ಸ್ವಲ್ಪ ಕಾಯುತ್ತದೆ, ಸಾಮಾನ್ಯವಾಗಿ 10ರಿಂದ 15 ಮೈಕ್ರೊಸೆಕೆಂಡ್. ಆಮೇಲೆ ಕಿವಿ ತೆರೆಯುತ್ತದೆ. ಒಂದು ಸಲ ಕೇಳಿದ್ದನ್ನು ನಂಬುವುದೂ ಇಲ್ಲ. ಸೆಕೆಂಡಿಗೆ ನೂರಾರು, ಕೆಲವು ಯಂತ್ರಗಳಲ್ಲಿ ಸಾವಿರಾರು ಸಲ ತಟ್ಟಿ, ಬಂದದ್ದರ ಸರಾಸರಿ ತೆಗೆಯುತ್ತದೆ. ಈ 'ಕಾಯುವ ಹತ್ತು ಮೈಕ್ರೊಸೆಕೆಂಡ್' ನೆನಪಿರಲಿ. ಮುಂದೆ ಅದರದ್ದೇ ಆಟ.

ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿ ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಸುರುಳಿಯ ಹತ್ತಿರ ಏನೂ ಇಲ್ಲದಿದ್ದಾಗ ಗೆರೆ ಮೇಲಿಂದ ಧಡಕ್ಕನೆ ಬಿದ್ದು ನೆಲ ಮುಟ್ಟುತ್ತದೆ. ಒಂದು ತಾಮ್ರದ ಚೊಂಬು ತಂದು ಹಿಡಿಯಿರಿ. ಬೀಳುತ್ತಿದ್ದ ಗೆರೆ ನೆಲ ಮುಟ್ಟುವ ಮೊದಲು ಹೊಟ್ಟೆ ಉಬ್ಬಿಸಿಕೊಂಡು, ಇಳಿಜಾರಿನಲ್ಲಿ ನಿಧಾನಕ್ಕೆ ಜಾರುತ್ತದೆ. ಚೊಂಬನ್ನು ದೂರ ಒಯ್ದರೆ ಉಬ್ಬು ಚಿಕ್ಕದಾಗುತ್ತದೆ. ಆದರೆ ಇಳಿಜಾರಿನ ಓಟ ಬದಲಾಗುವುದಿಲ್ಲ. ಅರ್ಧಕ್ಕೆ ಇಳಿಯಲು ಮೊದಲು ಎಷ್ಟು ಹೊತ್ತು ಬೇಕಿತ್ತೋ ಈಗಲೂ ಅಷ್ಟೇ ಬೇಕು.

ಇದನ್ನು ಮೊದಲ ಸಲ ನೋಡಿದಾಗ ನನಗೆ ಇಡೀ ವಿಷಯ ತಿಳಿಯಾಯಿತು. ಲೋಹದ ಉತ್ತರದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ಎಷ್ಟು ಜೋರು. ಇನ್ನೊಂದು, ಎಷ್ಟು ಹೊತ್ತು. ಜೋರು ಎನ್ನುವುದು ಆಳ, ಗಾತ್ರ, ಮಲಗಿದ ಭಂಗಿ, ಎಲ್ಲದರ ಮೇಲೆ ನಿಂತಿದೆ. ಹೊತ್ತು ಮಾತ್ರ ಬಹುಮಟ್ಟಿಗೆ ವಸ್ತುವಿನ ಸ್ವಂತದ್ದು. ಅದನ್ನು ಆಳ ಬದಲಿಸಲಾರದು.

ಹೊತ್ತನ್ನು ಅಳೆಯಲು ಎಂಜಿನಿಯರುಗಳ ಹತ್ತಿರ ಟೈಮ್ ಕಾನ್‌ಸ್ಟಂಟ್ ಎಂಬ ಮಾತಿದೆ: ಕರೆಂಟ್ ಮೊದಲಿದ್ದದ್ದರ ಶೇ. 37ಕ್ಕೆ ಇಳಿಯಲು ಹಿಡಿಯುವ ಸಮಯ. ನಾವು ಇಲ್ಲಿ 'ನಾದದ ಹೊತ್ತು' ಎನ್ನೋಣ. ಗುಂಡಗಿನ ಗೋಲಿಯಾದರೆ ಇದರ ಲೆಕ್ಕ ಸುಲಭ. ಬದಲಾಗುವ ಕಾಂತಕ್ಷೇತ್ರದಲ್ಲಿಟ್ಟ ಲೋಹದ ಗೋಲಿಯ ಲೆಕ್ಕವನ್ನು ಜೇಮ್ಸ್ ವೇಟ್ 1951ರಲ್ಲೇ ಭೂಭೌತಶಾಸ್ತ್ರದವರಿಗಾಗಿ ಮಾಡಿಟ್ಟಿದ್ದಾರೆ. ಅದೇ ಲೆಕ್ಕ ಹಿಡಿದು ಒಂದು ಸೆಂಟಿಮೀಟರ್ ಅಗಲದ ಗೋಲಿಗಳನ್ನು ಸಾಲಾಗಿ ಇಡುತ್ತೇನೆ. ಬೆಳ್ಳಿಯ ಗೋಲಿ ಸುಮಾರು 200 ಮೈಕ್ರೊಸೆಕೆಂಡ್ ನಾದ ಉಳಿಸಿಕೊಳ್ಳುತ್ತದೆ. ತಾಮ್ರ 185. ಅಪ್ಪಟ ಚಿನ್ನ 130. ಅಲ್ಯೂಮಿನಿಯಂ 120. ಹಿತ್ತಾಳೆ 50ರ ಆಸುಪಾಸು. ಸೀಸ 15. ಊಟದ ತಟ್ಟೆ ಮಾಡುವ, ಮ್ಯಾಗ್ನೆಟ್ ಅಂಟದ ಸ್ಟೇನ್‌ಲೆಸ್ ಸ್ಟೀಲ್ ಬರೀ ನಾಲ್ಕೈದು.

ಚಿನ್ನ 130, ಅಲ್ಯೂಮಿನಿಯಂ 120! ಲಕ್ಷ ಬೆಲೆಯದ್ದೂ ಗುಜರಿಗೆ ಹಾಕುವುದೂ ಅಕ್ಕಪಕ್ಕ ಕೂತಿವೆ. ಇದು ಮೊದಲ ಪೆಟ್ಟು.

ಎರಡನೇ ಪೆಟ್ಟು ಗಾತ್ರದ್ದು. ನಾದದ ಹೊತ್ತು ಗೋಲಿಯ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಗಲ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಎರಡು ಸೆಂಟಿಮೀಟರಿನ ತಾಮ್ರದ ಗೋಲಿ 740 ಮೈಕ್ರೊಸೆಕೆಂಡ್ ಮೊಳಗುತ್ತದೆ. ಯಾಕೆ ವರ್ಗ? ಕರೆಂಟ್ ಕತ್ತರಿಸಿದ ಕ್ಷಣದಲ್ಲಿ ಸುಳಿ ಪ್ರವಾಹ ಲೋಹದ ಹೊರಮೈಯಲ್ಲಿ ಮಾತ್ರ ಇರುತ್ತದೆ. ಒಳಗಿನ ಲೋಹಕ್ಕೆ ಇನ್ನೂ ಸುದ್ದಿಯೇ ಮುಟ್ಟಿಲ್ಲ. ಇಡ್ಲಿ ಮೇಲೆ ಸಾಂಬಾರ್ ಹೊಯ್ದಾಗ ಮೊದಲು ಮೇಲ್ಮೈ ತೊಯ್ದು ಆಮೇಲೆ ಒಳಗೆ ಇಂಗುತ್ತದಲ್ಲ, ಹಾಗೆ ಕರೆಂಟ್ ಮೆಲ್ಲಗೆ ಒಳಕ್ಕೆ ಇಂಗುತ್ತದೆ. ಈ ಇಂಗುವ ಹಂತದಲ್ಲಿ ಸಿಗ್ನಲ್ ಬಲು ಚುರುಕಾಗಿ ಬೀಳುತ್ತದೆ. ಇಡೀ ಲೋಹ ತುಂಬಿದ ಮೇಲೆ ಬೀಳುವ ಓಟ ಒಂದು ಹದಕ್ಕೆ ಬರುತ್ತದೆ, ನಾವು ಅಳೆಯುವ ನಾದದ ಹೊತ್ತು ಆ ಹದದ್ದು. ಇಂಗುವ ಕೆಲಸಗಳೆಲ್ಲ ದಪ್ಪದ ವರ್ಗದ ಲೆಕ್ಕದಲ್ಲೇ ನಡೆಯುತ್ತವೆ. ಬಿಸಿ ಇಂಗುವುದೂ ಹಾಗೇ. ಎರಡರಷ್ಟು ದಪ್ಪದ ಆಲೂಗಡ್ಡೆ ಒಳಗಿನವರೆಗೆ ಬೇಯಲು ಎರಡರಷ್ಟು ಹೊತ್ತು ಸಾಲಲ್ಲ, ನಾಲ್ಕರಷ್ಟು ಹತ್ತಿರ ಬೇಕು. ಅಡುಗೆ ಮಾಡುವವರಿಗೆ ಗೊತ್ತಿರುವ ಸತ್ಯವೇ.

ಹಾಗಾಗಿ ಮೂರು ಸೆಂಟಿಮೀಟರ್ ಅಗಲದ ಸೀಸದ ಗುಂಡು ಒಂದು ಸೆಂಟಿಮೀಟರಿನ ಚಿನ್ನದ ಗೋಲಿಯಷ್ಟೇ ಹೊತ್ತು ಮೊಳಗುತ್ತದೆ. ಯಂತ್ರದ ಕಿವಿಗೆ ಎರಡೂ ಒಂದೇ ರಾಗ. ಲೋಹ ಯಾವುದು, ಎಷ್ಟು ದೊಡ್ಡದು, ಎಷ್ಟು ದಪ್ಪ, ಯಾವ ಆಕಾರ, ಈ ನಾಲ್ಕೂ ಕಲೆಸಿ ಒಂದೇ ಸಂಖ್ಯೆಯಾಗಿ ಬರುತ್ತವೆ. ನಾಲ್ಕು ತರಕಾರಿ ಅರೆದು ಸೂಪ್ ಮಾಡಿ ಕೊಟ್ಟು, ಕ್ಯಾರೆಟ್ ಎಷ್ಟಿತ್ತು ಹೇಳು ಎಂದರೆ ಯಾರು ಹೇಳಿಯಾರು? ಇನ್ನು ಒಡವೆಯ ಚಿನ್ನ ಅಪ್ಪಟವೂ ಅಲ್ಲ. 22 ಕ್ಯಾರೆಟ್ ಮಾಡಲು ತಾಮ್ರ, ಬೆಳ್ಳಿ ಬೆರೆಸುತ್ತಾರೆ. ಚಿನ್ನಕ್ಕಿಂತ ಚೆನ್ನಾಗಿ ಕರೆಂಟ್ ಹರಿಸುವ ಎರಡು ಲೋಹ ಸೇರಿಸಿದರೆ ನಾದ ಹೆಚ್ಚಬೇಕಲ್ವಾ? ಉಲ್ಟಾ. ಬೆರಕೆಯಾದ ಕೂಡಲೇ ಅಣುಗಳ ಸಾಲು ಕದಡಿ ರೆಸಿಸ್ಟೆನ್ಸ್ ಏರುತ್ತದೆ. 22 ಕ್ಯಾರೆಟ್ ಚಿನ್ನ ಅಪ್ಪಟ ಚಿನ್ನದ ಸಾಲಿನಿಂದ ಎದ್ದು ಹಿತ್ತಾಳೆಯ ನೆರೆಹೊರೆಗೆ ಹೋಗಿ ಕೂರುತ್ತದೆ.

ಹತ್ತು ಗ್ರಾಂ ಅಪ್ಪಟ ಚಿನ್ನ ಕರಗಿಸಿ ಗೋಲಿ ಮಾಡಿದರೆ ಅಗಲ ಸರಿಸುಮಾರು ಒಂದು ಸೆಂಟಿಮೀಟರ್. ಮೇಲೆ ಹೇಳಿದ 130 ಮೈಕ್ರೊಸೆಕೆಂಡಿನದು. ಅದೇ ಹತ್ತು ಗ್ರಾಮನ್ನು ಒಂದು ಮಿಲಿಮೀಟರಿನ ಸಾವಿರ ಕಾಳು ಮಾಡಿ ಮರಳಿನಲ್ಲಿ ಹರಡಿ. ಅಗಲ ಹತ್ತರಲ್ಲಿ ಒಂದು ಪಾಲಾಯಿತು, ಹೊತ್ತು ನೂರರಲ್ಲಿ ಒಂದು ಪಾಲಾಗುತ್ತದೆ: 1.3 ಮೈಕ್ರೊಸೆಕೆಂಡ್. ಯಂತ್ರ ಕಿವಿ ತೆರೆಯುವ ಹತ್ತನೇ ಮೈಕ್ರೊಸೆಕೆಂಡಿನ ಹೊತ್ತಿಗೆ ಪ್ರತಿ ಕಾಳಿನ ನಾದದಲ್ಲಿ ಎರಡು ಸಾವಿರದಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಸಾವಿರ ಕಾಳು ಸೇರಿದರೂ ಹೊತ್ತು ಕೂಡಿಕೆಯಾಗಲ್ಲ. ಸಾವಿರ ಜನ ಒಟ್ಟಿಗೆ ಚಿಟಿಕೆ ಹೊಡೆದರೆ ಸದ್ದು ಜೋರಾಗುತ್ತದೆ, ಗಂಟೆಯ ಹಾಗೆ ಉಳಿಯುವುದಿಲ್ಲ. ಬೆಲೆ ಅದೇ, ತೂಕ ಅದೇ, ಆದರೆ ಯಂತ್ರಕ್ಕೆ ಅಲ್ಲಿ ಏನೂ ಇಲ್ಲ.

ಕೋಲಾರದ ಹಳೆಯ ಗಣಿಗಳ ಸುತ್ತ ಡಿಟೆಕ್ಟರ್ ಹಿಡಿದು ಓಡಾಡಿದರೆ ಚಿನ್ನ ಸಿಗುತ್ತಾ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಕೋಲಾರದ್ದಾಗಲಿ ಹಟ್ಟಿಯದ್ದಾಗಲಿ, ಕಲ್ಲಿನೊಳಗೆ ಸಣ್ಣಸಣ್ಣ ಕಣಗಳಾಗಿ ಹರಡಿಕೊಂಡ ಚಿನ್ನ. ಟನ್‌ಗಟ್ಟಲೆ ಕಲ್ಲು ಪುಡಿ ಮಾಡಿ ಗ್ರಾಂ ಲೆಕ್ಕದಲ್ಲಿ ತೆಗೆಯುವುದು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮಣ್ಣಿನೊಳಗೆ ಗಟ್ಟಿಗಳೇ ಬಿದ್ದಿರುತ್ತವೆ, ಅದಕ್ಕೇ ಅಲ್ಲಿ ಈ ಯಂತ್ರದ ಕಾರುಬಾರು.

ಕಾಳಿನದ್ದು ಬಿಡಿ, ಹಾಳೆಯ ಪಾಡು ಇನ್ನೊಂದು ಬಗೆ. ತೆಳು ಹಾಳೆಯಾದರೆ ನಾದದ ಹೊತ್ತು ಅಗಲವನ್ನೂ ದಪ್ಪವನ್ನೂ ಗುಣಿಸಿದಂತೆ ಬರುತ್ತದೆ. ಎಷ್ಟೇ ಅಗಲವಿದ್ದರೂ ದಪ್ಪ ಇಲ್ಲದಿದ್ದರೆ ಉಪಯೋಗವಿಲ್ಲ. ಖಾಲಿ ಮಾತ್ರೆ ಸ್ಟ್ರಿಪ್ಪಿನ ಅಲ್ಯೂಮಿನಿಯಂ ಹಾಳೆ ನಾಲ್ಕು ಸೆಂಟಿಮೀಟರ್ ಅಗಲ ಇದ್ದರೂ ಮೂರು ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ ಸುಸ್ತಾಗುತ್ತದೆ. ಚಿಪ್ಸ್ ಪ್ಯಾಕೆಟ್ಟಿನ ಒಳಗಿನ ಬೆಳ್ಳಿ ಮಿಂಚು ಪ್ಲಾಸ್ಟಿಕ್ಕಿಗೆ ಬಳಿದ ಆವಿಯಷ್ಟು ತೆಳುವಾದ ಲೋಹ. ಅದು ಯಂತ್ರಕ್ಕೆ ಕಾಣುವುದೇ ಇಲ್ಲ, ನೆಮ್ಮದಿ. ಆದರೆ ಅದೇ ಮಾತ್ರೆ ಸ್ಟ್ರಿಪ್ಪನ್ನು ಯಾರಾದರೂ ಗಟ್ಟಿಯಾಗಿ ಮುದ್ದೆ ಮಾಡಿ ಎಸೆದಿದ್ದರೆ ಅದು 'ನಾನೂ ಒಂದು ಗೋಲಿ' ಎನ್ನುವಂತೆ ಮಾತಾಡತೊಡಗುತ್ತದೆ. ದಂಡೆಯಲ್ಲಿ ಹುಡುಕುವವರಿಗೆ ಇದೊಂದು ದೊಡ್ಡ ಕಾಟ.

ಈಗ ಬಿರುಕು ಬಿಟ್ಟ ಮಡಕೆಯ ಕಡೆಗೆ. ತಾಮ್ರದ ದಪ್ಪ ತಂತಿ ಬಗ್ಗಿಸಿ ಎರಡು ಉಂಗುರ ಮಾಡಿ. ಒಂದರ ತುದಿಗಳನ್ನು ಬೆಸುಗೆ ಹಾಕಿ ಕೂಡಿಸಿ. ಇನ್ನೊಂದರ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಡಿ. ತಕ್ಕಡಿಯಲ್ಲಿ ಎರಡೂ ಒಂದೇ. ನನ್ನ ಯಂತ್ರದ ಮುಂದೆ ಮೊದಲನೆಯದು ಒಂದು ಗೇಣು ದೂರದಿಂದಲೇ ಕೂಗುತ್ತದೆ. ಎರಡನೆಯದನ್ನು ಸುರುಳಿಗೆ ಹತ್ತಿರ ಹತ್ತಿರ ತಂದರೂ ಮಾತಿಲ್ಲ. ಸುಳಿ ಪ್ರವಾಹಕ್ಕೆ ಸುತ್ತಿ ಬರಲು ದಾರಿ ಬೇಕು. ಕೂಡಿದ ಉಂಗುರದಲ್ಲಿ ಇಡೀ ಉಂಗುರವೇ ಹೆದ್ದಾರಿ. ಸಂದು ಬಿಟ್ಟದ್ದರಲ್ಲಿ ಕರೆಂಟು ತಂತಿಯ ದಪ್ಪದೊಳಗೇ ಗಿರಕಿ ಹೊಡೆಯಬೇಕು. ಬಿರುಕಿದ್ದರೆ ಟಣ್ಣ್ ಇಲ್ಲ.

ಉಂಗುರ ಮಲಗಿದ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಸುರುಳಿಗೆ ಮುಖ ಮಾಡಿ ಚಪ್ಪಟೆ ಮಲಗಿದರೆ ಕಾಂತಕ್ಷೇತ್ರ ಅದರ ನಡುವಿನಿಂದ ಹಾದುಹೋಗುತ್ತದೆ, ಸಿಗ್ನಲ್ ಜೋರು. ಅಂಚಿನ ಮೇಲೆ ನಿಂತಿದ್ದರೆ ಕ್ಷೇತ್ರ ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ನಾಣ್ಯಕ್ಕೂ ಇದೇ ನ್ಯಾಯ. ಹಾಗಾಗಿ ಅನುಭವಸ್ಥರು ಒಂದೇ ಜಾಗವನ್ನು ಎರಡು ದಿಕ್ಕಿನಿಂದ ಬೀಸಿ ನೋಡುತ್ತಾರೆ.

ಇಷ್ಟು ಹೊತ್ತು ಬೇಕಂತಲೇ ಕಬ್ಬಿಣದ ಸುದ್ದಿ ಎತ್ತಲಿಲ್ಲ. ಅದು ಎರಡು ನಾಲಿಗೆಯ ಆಸಾಮಿ. ಮೇಲೆ ಸಾಲಾಗಿ ಇಟ್ಟ ಲೋಹಗಳು ಸುಳಿ ಪ್ರವಾಹದಿಂದ ಮಾತ್ರ ಮಾತಾಡುತ್ತವೆ. ಕಬ್ಬಿಣ ಅದರ ಜೊತೆಗೆ ತಾನೇ ಮ್ಯಾಗ್ನೆಟ್ ಆಗಿ ನಿಲ್ಲುತ್ತದೆ. ತಟ್ಟಿದಾಗ ಕ್ಷೇತ್ರವನ್ನು ಮೈತುಂಬ ಹೀರಿಕೊಳ್ಳುತ್ತದೆ, ಬಿಟ್ಟಾಗ ಅದನ್ನು ಬೇಗ ಬಿಟ್ಟುಕೊಡುವುದಿಲ್ಲ. ತಾಮ್ರಕ್ಕಿಂತ ಐದಾರು ಪಟ್ಟು ಕಡಿಮೆ ಚೆನ್ನಾಗಿ ಕರೆಂಟ್ ಹರಿಸುವ ಲೋಹ ಇದು. ಆದರೂ ಕಾಂತಗುಣದ ದೆಸೆಯಿಂದ ಇಂಗುವ ಕೆಲಸ ಹತ್ತಾರು ಪಟ್ಟು ನಿಧಾನವಾಗಿ, ಒಂದು ಸೆಂಟಿಮೀಟರಿನ ಕಬ್ಬಿಣದ ಗೋಲಿ ಒಂದು ಮಿಲಿಸೆಕೆಂಡಿಗೂ ಜಾಸ್ತಿ ಮೊಳಗಬಲ್ಲದು. ತಾಮ್ರದ 185ರ ಮುಂದೆ ಸಾವಿರಕ್ಕೂ ಮೇಲೆ! ತುಕ್ಕು ಹಿಡಿದ ಒಂದು ಬೋಲ್ಟು ಹೀಗೆ ದೊಡ್ಡ ತಾಮ್ರದ ಪಾತ್ರೆಯ ವೇಷ ಹಾಕಿಬಿಡುತ್ತದೆ.

ನಿರಂತರವಾಗಿ ತರಂಗ ಬಿಡುವ ಇನ್ನೊಂದು ಜಾತಿಯ ಡಿಟೆಕ್ಟರುಗಳು ಕಬ್ಬಿಣವನ್ನು ಸುಮಾರಾಗಿ ಬೇರೆ ಮಾಡಿ ತೋರಿಸುತ್ತವೆ. ತಟ್ಟುತ್ತಿರುವಾಗಲೇ ಕೇಳಿಸಿಕೊಳ್ಳುವುದರಿಂದ ಕಬ್ಬಿಣ ಕ್ಷೇತ್ರವನ್ನು ಹೀರುವುದು ಅವಕ್ಕೆ ಗೊತ್ತಾಗುತ್ತದೆ. ಪಲ್ಸ್ ಯಂತ್ರ ಕೇಳುವುದು ತಟ್ಟಿ ಮುಗಿದ ಮೇಲೆ. ಆಗ ಕಬ್ಬಿಣವೂ ತಾಮ್ರವೂ ಒಂದೇ ದಿಕ್ಕಿನಲ್ಲಿ ಇಳಿಯುತ್ತಿರುತ್ತವೆ. ಆಳಕ್ಕೆ ಹೋಗುವ ಶಕ್ತಿಗೆ ಈ ಯಂತ್ರ ತೆತ್ತ ಬೆಲೆ ಇದು ಎಂದೇ ನನ್ನ ಲೆಕ್ಕ.

ಒಂದು ಸಣ್ಣ ಉಪಾಯ ಇದೆ, ಮೊಳೆಗೆ. ಉದ್ದ ಮೊಳೆ ತನ್ನ ಉದ್ದಕ್ಕೆ ಕ್ಷೇತ್ರ ಹಾದಾಗ ಜೋರಾಗಿ ಮ್ಯಾಗ್ನೆಟ್ ಆಗುತ್ತದೆ, ಅಡ್ಡಕ್ಕೆ ಹಾದಾಗ ಅಷ್ಟಿಲ್ಲ. ಸುರುಳಿಯ ನಡುವಿನ ಕೆಳಗೆ ಕ್ಷೇತ್ರ ನೇರ ಕೆಳಕ್ಕಿಳಿಯುತ್ತದೆ, ಅಂಚಿನ ಕೆಳಗೆ ಅಡ್ಡಕ್ಕೆ ಬಾಗಿರುತ್ತದೆ. ಮಲಗಿದ ಮೊಳೆಯ ಉದ್ದಕ್ಕೇ ಸುರುಳಿ ಬೀಸಿದರೆ ಎರಡೂ ಅಂಚು ದಾಟುವಾಗ ಕೂಗಿ, ನಡುವಿನಲ್ಲಿ ದನಿ ತಗ್ಗುತ್ತದೆ: ಪೀಂ... ಪೀಂ. ನಾಣ್ಯವಾದರೆ ಒಂದೇ ಪೀಂ. ಸುರುಳಿಯನ್ನು ಅಡ್ಡಕ್ಕೂ ಉದ್ದಕ್ಕೂ ಬೀಸಿ, ಜೋಡಿ ಕೂಗು ಕೇಳಿದರೆ ಅಗೆಯದೆ ಮುಂದೆ ಹೋಗಬಹುದು. ಸೋಡಾ ಮುಚ್ಚಳದ ವಿಷಯದಲ್ಲಿ ಈ ಉಪಾಯ ಕೈಕೊಡುತ್ತದೆ ಎನ್ನುವುದು ಬೇರೆ ಮಾತು. ಹಾಗೇ ನಮ್ಮ ಈಗಿನ ಒಂದು ರೂಪಾಯಿ, ಎರಡು ರೂಪಾಯಿ ಸ್ಟೀಲ್ ನಾಣ್ಯಗಳಿಗೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ. ಯಂತ್ರಕ್ಕೆ ಅವು ಕಬ್ಬಿಣದ ಬಳಗ. ಅಡುಗೆಮನೆಯ ಸ್ಟೀಲ್ ಚಮಚಗಳಲ್ಲಿ ಅಂಟುವುದು ಅಂಟದ್ದು ಎರಡೂ ಸಿಗುತ್ತವೆ, ಎರಡರ ಉತ್ತರವೂ ಬೇರೆ.

ಇನ್ನೊಂದು ಕಡೆ ಎಡವಟ್ಟಾಗುವುದು ತಟ್ಟುವ ಹೊತ್ತಿನಲ್ಲಿ. ಕರೆಂಟ್ ಹಾಕಿದಾಗಲೂ ಲೋಹದಲ್ಲಿ ಸುಳಿ ಪ್ರವಾಹ ಹುಟ್ಟುತ್ತದೆ, ಉಲ್ಟಾ ದಿಕ್ಕಿನಲ್ಲಿ. ಅದು ಸತ್ತ ಮೇಲೆ ಕರೆಂಟ್ ತೆಗೆದರೆ ಸರಿ. ದೊಡ್ಡ ತಾಮ್ರದ ಹಂಡೆಯ ನಾದ ಮಿಲಿಸೆಕೆಂಡುಗಳಷ್ಟು ಉದ್ದ. 200 ಮೈಕ್ರೊಸೆಕೆಂಡಿನ ಪಲ್ಸಿನಲ್ಲಿ ಹಾಕಿದ್ದರ ಉತ್ತರ ಇನ್ನೂ ಜೀವಂತ ಇರುವಾಗಲೇ ತೆಗೆದದ್ದರ ಉತ್ತರ ಎದುರಿನಿಂದ ಬರುತ್ತದೆ. ಒಂದನ್ನೊಂದು ತಿಂದುಕೊಳ್ಳುತ್ತವೆ. ದೊಡ್ಡ ವಸ್ತುವಿಗೆ ಉದ್ದ ಪಲ್ಸ್, ಸಣ್ಣ ಚಿನ್ನದ ಚೂರಿಗೆ ಚುರುಕಾಗಿ ಕತ್ತರಿಸುವ ಗಿಡ್ಡ ಪಲ್ಸ್. ಒಂದೇ ಯಂತ್ರದಲ್ಲಿ ಎರಡೂ ಬಗೆಯ ಪಲ್ಸ್ ಬಿಡುವ ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಎಸ್‌ಡಿ 2000 ಎನ್ನುವುದು 1990ರ ದಶಕದ ನಡುವಿನಲ್ಲಿ ಬಂದು ಅಲ್ಲಿನ ಚಿನ್ನ ಹುಡುಕುವವರ ಬದುಕನ್ನೇ ಬದಲಿಸಿತು. ಬ್ರೂಸ್ ಕ್ಯಾಂಡಿ ಎಂಬ ಭೌತವಿಜ್ಞಾನಿಯ ಕೆಲಸ ಅದು.

ಆಸ್ಟ್ರೇಲಿಯಾದವರಿಗೆ ಹೊಸ ಯಂತ್ರ ಯಾಕೆ ಬೇಕಾಯಿತು ಅಂದರೆ, ಮಣ್ಣಿನ ಕಾಟ. ಅಲ್ಲಿನ ಕೆಂಪು ಮಣ್ಣೇ ಉತ್ತರ ಕೊಡುತ್ತದೆ! ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳು ತಟ್ಟಿದಾಗ ಮ್ಯಾಗ್ನೆಟ್ ಆಗುತ್ತವೆ, ಬಿಟ್ಟ ಮೇಲೆ ಒಂದೊಂದೂ ತನ್ನ ತನ್ನ ನಿಧಾನದಲ್ಲಿ ಸುಧಾರಿಸಿಕೊಳ್ಳುತ್ತದೆ. ನಮ್ಮ ಕೆಂಪು ಮಣ್ಣು, ಕರಾವಳಿ ಮಲೆನಾಡಿನ ಜಂಬಿಟ್ಟಿಗೆ ಕಲ್ಲುಗಳಲ್ಲೂ ಇಂಥವು ಸಿಗುತ್ತವೆ. ಜೇಡಿಮಣ್ಣನ್ನು ಸುಟ್ಟರಂತೂ ಈ ಗುಣ ಜಾಸ್ತಿಯಾಗುತ್ತದೆ. ಚೆನ್ನಾಗಿ ಸುಟ್ಟ ಇಟ್ಟಿಗೆ ತಂದು ಯಂತ್ರದ ಮುಂದೆ ಹಿಡಿದರೆ ಒಂದು ತುಣುಕು ಲೋಹ ಇಲ್ಲದಿದ್ದರೂ ಅದು ಗೊಣಗಬಹುದು. ಮೊದಲ ಸಲ ಹಾಗಾದಾಗ ಇಟ್ಟಿಗೆಯೊಳಗೆ ಮೊಳೆ ಇದೆ ಎಂದು ಸುತ್ತಿಗೆ ತೆಗೆದುಕೊಂಡು ಒಡೆದು ನೋಡಿದವನು ನಾನು. ಸಂತೆಯಲ್ಲಿ ತಟ್ಟಿ ಕೊಂಡ ಮಡಕೆಯಿಂದಲೂ ಈ ಯಂತ್ರ ಉತ್ತರ ಪಡೆಯಬಲ್ಲದು ಎಂದಾಯಿತು.

ಚಿನ್ನ ಹುಡುಕುವವರು ಬೈದುಕೊಳ್ಳುವ ಈ ಗುಣ ಪುರಾತತ್ವದವರಿಗೆ ವರವಾಯಿತು. ಹಳೆಯ ಒಲೆಯ ಜಾಗ, ಸುಟ್ಟ ಮಣ್ಣು, ಜನ ಬದುಕಿ ತುಂಬಿಸಿದ ಗುಂಡಿಗಳನ್ನು ಹೀಗೆ ಮೇಲಿನಿಂದಲೇ ಗುರುತಿಸಬಹುದು ಎಂದು ಕೊಲಾನಿ ಮತ್ತು ಏಟ್ಕನ್ ಎಂಬ ಸಂಶೋಧಕರು 1966ರಲ್ಲೇ ಬರೆದಿದ್ದಾರೆ. ಪಲ್ಸ್ ಡಿಟೆಕ್ಟರಿನ ಬೇರು ಹುಡುಕಿಕೊಂಡು ಹೋದರೆ ಇಂಥ ಪುರಾತತ್ವದ ಪ್ರಯೋಗಗಳೂ ಸಿಗುತ್ತವೆ ಎನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಮಣ್ಣಿನ ಗೊಣಗನ್ನು ಲೋಹದ ನಾದದಿಂದ ಬೇರೆ ಮಾಡುವುದು ಹೇಗೆ? ಇಳಿಯುವ ಧಾಟಿಯಿಂದ. ಮಣ್ಣಿನ ಸಿಗ್ನಲ್ ಸಮಯ ಎರಡರಷ್ಟಾದಾಗ ಅರ್ಧವಾಗುತ್ತದೆ. ಹತ್ತನೇ ಮೈಕ್ರೊಸೆಕೆಂಡಿನಲ್ಲಿ 100 ಇದ್ದರೆ ಇಪ್ಪತ್ತರಲ್ಲಿ 50, ನಲವತ್ತರಲ್ಲಿ 25. ಯಾವ ಊರ ಮಣ್ಣಾದರೂ ಹೆಚ್ಚುಕಮ್ಮಿ ಇದೇ ಧಾಟಿ. ಲೋಹದ್ದು ಹಾಗಲ್ಲ, ಒಂದೊಂದಕ್ಕೆ ಒಂದೊಂದು. ಹಾಗಾಗಿ ಯಂತ್ರ ಎರಡು ಸಲ ಕೇಳುತ್ತದೆ. ಇಪ್ಪತ್ತರಲ್ಲಿ ಕೇಳಿದ್ದನ್ನು ಎರಡರಿಂದ ಗುಣಿಸಿ ಹತ್ತರಲ್ಲಿ ಕೇಳಿದ್ದರಿಂದ ಕಳೆಯುತ್ತದೆ. ಮಣ್ಣು ಸೊನ್ನೆಯಾಗುತ್ತದೆ, ಲೋಹ ಉಳಿಯುತ್ತದೆ. ಬುದ್ಧಿವಂತಿಕೆಯ ಕೆಲಸ.

ಆದರೆ ಒಂದು ತೂತು ಇದೆ. ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ಸರಿಯಾಗಿ ಅರ್ಧಕ್ಕೆ ಇಳಿಯುವ ಲೋಹವೂ ಇರಬಹುದಲ್ವಾ? ಲೆಕ್ಕ ಹಾಕಿದರೆ ಸುಮಾರು 14 ಮೈಕ್ರೊಸೆಕೆಂಡ್ ನಾದವಿರುವ ವಸ್ತು ಹಾಗೆ ಮಾಡುತ್ತದೆ. ಅದೂ ಮಣ್ಣಿನ ಜೊತೆ ಸೊನ್ನೆಯಾಗುತ್ತದೆ. ನಮ್ಮ ಒಂದು ಸೆಂಟಿಮೀಟರಿನ ಸೀಸದ ಗೋಲಿ 15ರದ್ದು, ಬಹುತೇಕ ಆ ತೂತಿನೊಳಗೇ ಬಿದ್ದಿತು. ತೂತಿನ ಆಚೆಗಿನ ವಸ್ತುಗಳು ಒಂದು ದನಿ, ಈಚೆಗಿನವು ಇನ್ನೊಂದು ದನಿ ಕೊಡುತ್ತವೆ. ಪಲ್ಸ್ ಯಂತ್ರದ ಪೀಂಗುಟ್ಟುವಿಕೆ ಕೆಲವೊಮ್ಮೆ ಏರಿ ಇಳಿಯುವುದು, ಕೆಲವೊಮ್ಮೆ ಇಳಿದು ಏರುವುದು ಇದಕ್ಕೇ. ಬಳಸುವವರು ಈ ದನಿಗಳನ್ನು ಕಿವಿಯಲ್ಲಿ ಪಳಗಿಸಿಕೊಂಡಿರುತ್ತಾರೆ.

ಸಮುದ್ರದ ದಂಡೆಯಲ್ಲಿ ಪರಿಸ್ಥಿತಿ ಸುಲಭ. ಉಪ್ಪುನೀರೂ ಕರೆಂಟ್ ಹರಿಸುತ್ತದೆ, ಆದರೆ ಲೋಹದ ಮುಂದೆ ಏನೇನೂ ಅಲ್ಲ. ಅದರ ಸುಳಿಗಳು ಬಹಳ ಬೇಗ, ಯಂತ್ರ ಕಿವಿ ತೆರೆಯುವಷ್ಟರಲ್ಲಿ ಬಹುಪಾಲು ಕರಗಿರುತ್ತವೆ. ಒದ್ದೆ ಮರಳಿನಲ್ಲಿ ಬೇರೆ ಯಂತ್ರಗಳು ಸುಮ್ಮಸುಮ್ಮನೆ ಕಿರುಚಿದರೆ ಪಲ್ಸ್ ಯಂತ್ರ ತಣ್ಣಗಿರುತ್ತದೆ.

ಆಳದ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಕನಿಕರವಿಲ್ಲ. ಸುರುಳಿಯ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಲೋಹದಿಂದ ವಾಪಸ್ ಬರುವುದೂ ಹಾಗೇ. ಸುರುಳಿಯ ಅಗಲಕ್ಕಿಂತ ಆಚೆ ಹೋದ ಮೇಲೆ ದೂರ ಎರಡರಷ್ಟಾದರೆ ಸಿಗ್ನಲ್ 64ರಲ್ಲಿ ಒಂದು ಪಾಲು. ಬ್ಯಾಟರಿಯ ಬಲ ಎರಡರಷ್ಟು ಮಾಡಿದರೆ ಆಳ ಹೆಚ್ಚುವುದು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಒಂದು ನಾಣ್ಯವನ್ನು ಇಪ್ಪತ್ತು ಅಡಿ ಆಳದಲ್ಲಿ ತೋರಿಸುತ್ತೇನೆ ಎನ್ನುವವನು ಈ ಲೆಕ್ಕದ ಮುಂದೆ ನಿಲ್ಲಲಾರ.

ಅಂಥವರು ಇದ್ದಾರೆ. ಹಳೆಯ ಗುಡಿಗಳ ಸುತ್ತ ನಿಧಿ ಆಸೆಗೆ ಅಗೆಯುವವರು ನಮ್ಮಲ್ಲಿ ಹೊಸಬರೇನಲ್ಲ. ಅವರಿಗೆ 'ಚಿನ್ನ ಮಾತ್ರ ತೋರಿಸುವ' ಯಂತ್ರ ಮಾರುವವರೂ ಇರುತ್ತಾರೆ. ಮೈಮೇಲೆ ಲೋಹಗಳ ಹೆಸರು ಬರೆದ ಗುಂಡಿಗಳು, ಮುಂದೆ ಒಂದು ಆಂಟೆನಾ ಕಡ್ಡಿ. ಇಂಥದ್ದೇ ಕಡ್ಡಿಯ ಎಡಿಇ 651 ಎಂಬ ಸಾಧನವನ್ನು ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ ಬ್ರಿಟನ್ನಿನ ವ್ಯಾಪಾರಿಗೆ 2013ರಲ್ಲಿ ಹತ್ತು ವರ್ಷ ಜೈಲಾಯಿತು. ಅದರೊಳಗೆ ಕೆಲಸ ಮಾಡುವ ಭಾಗ ಒಂದೂ ಇರಲಿಲ್ಲ. ಸುರುಳಿ ಇಲ್ಲದ, ತಟ್ಟದ, ಕಾಯದ ಯಂತ್ರಕ್ಕೆ ಯಾವ ಲೋಹ ಯಾಕೆ ಉತ್ತರ ಕೊಡಬೇಕು?

ಕೊನೆಗೆ ಅಮ್ಮನ ಸರದ ಪ್ರಯೋಗ. ಒಂದು ದಿನ ಅವಳೇ ಕೇಳಿದಳು: "ಮಲ್ಪೆಯಲ್ಲಿ ನೀರಿಗೆ ಇಳಿದಾಗ ನನ್ನ ಸರ ಬಿದ್ದೋದ್ರೆ ನಿನ್ನ ಡಬ್ಬ ಹುಡುಕುತ್ತೇನೋ?" ಕತ್ತಿನಿಂದ ತೆಗೆದು ಕೊಟ್ಟಳು. ಬರೀ ಸರದ ಎಳೆಯನ್ನು ಸುರುಳಿಯ ಮೇಲೆ ಇಳಿಬಿಟ್ಟೆ. ಬೆರಳಗಲ ದೂರದಲ್ಲೂ ಸದ್ದಿಲ್ಲ. ಸರ ಅಂದರೆ ನೂರಾರು ಪುಟ್ಟ ಕೊಂಡಿಗಳು. ಒಂದಕ್ಕೊಂದು ತಾಗುವುದು ಸಡಿಲವಾಗಿ, ಎಣ್ಣೆ ಕೊಳೆಯ ನಡುವೆ. ಕರೆಂಟಿಗೆ ಒಂದು ಕೊಂಡಿಯಿಂದ ಇನ್ನೊಂದಕ್ಕೆ ದಾಟಲು ಸರಿಯಾದ ದಾರಿ ಇಲ್ಲ. ಪ್ರತಿ ಕೊಂಡಿಯೂ ತನ್ನಷ್ಟಕ್ಕೆ ಒಂದು ಕಾಳು, ಹತ್ತು ಮೈಕ್ರೊಸೆಕೆಂಡಿನೊಳಗೆ ಮೌನ. ಅಮ್ಮನ ಮುಖ ನೋಡಬೇಕಿತ್ತು.

ಆಮೇಲೆ ಸರ ತಿರುಗಿಸಿ ತಾಳಿಯ ಬೊಟ್ಟು ಇರುವ ತುದಿಯನ್ನು ಇಳಿಬಿಟ್ಟೆ. ಗೇಣು ದೂರದಿಂದಲೇ ಯಂತ್ರ ಕೂಗಿತು.